ತೌಡು ತಿಂದ ಹುಳ, ಹುಳ ತಿಂದ ಗುಂಡ

ಹೊಸಪೇಟೆಯ ನನ್ನ ಕ್ಲಿನಿಕ್ಕಿಗೆ ಬರುವವರು ರೋಗಿಯನ್ನು ಹಗ್ಗ ಹಿಡಿದು ಎಳೆದು ತರುತ್ತಾರೆ, ಇಲ್ಲವೇ ಕಂಕುಳಲ್ಲಿ ಅವುಚಿಕೊಂಡು ತರುತ್ತಾರೆ. ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರು ಮಾತ್ರ ಸ್ಟೀಲಿನ ಊಟದ ಡಬ್ಬಿಯಲ್ಲಿ ತಂದರು. ಬೆಳಗಿನಿಂದ ಎಮ್ಮೆ, ಆಡು, ನಾಯಿ ಎಂದು ನಿಂತೇ ಇದ್ದ ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಗಿರಣಿ ಮನೆಯವರು ಏನೋ ಸಿಹಿ ಕಳಿಸಿದ್ದಾರೆ ಎಂದೇ ಮುಚ್ಚಳ ತೆಗೆದೆ. ಒಳಗೆ ಒದ್ದೆ ಕರವಸ್ತ್ರದ ಮೇಲೆ ಕಂದು ಪಟ್ಟೆಯ ಒಂದು ಪ್ರಾಣಿ ಮಲಗಿತ್ತು. ಕಣ್ಣು ತೆರೆದು ನನ್ನನ್ನು ನೋಡಿ, ಮತ್ತೆ ಮುಚ್ಚಿಕೊಂಡಿತು.

ಅದು ಗೆಕ್ಕೊ. ನಮ್ಮ ಗೋಡೆಯ ಹಲ್ಲಿಯ ದೂರದ ಸಂಬಂಧಿ, ಆಫ್ರಿಕಾ ಕಡೆಯದು. ಗೋಡೆ ಹತ್ತುವುದಿಲ್ಲ, ಹಲ್ಲಿಗಿಲ್ಲದ ರೆಪ್ಪೆ ಇದಕ್ಕಿದೆ, ತಿಂದು ಮಿಕ್ಕಿದ್ದನ್ನು ಕೊಬ್ಬಾಗಿ ಬಾಲದಲ್ಲಿ ಕೂಡಿಡುತ್ತದೆ. ಚೆನ್ನಾಗಿರುವ ಗೆಕ್ಕೊದ ಬಾಲ ಬೆಂಡೆಕಾಯಿಗಿಂತ ದಪ್ಪ ಇರಬೇಕು. ಇದರದ್ದು ಒಣಮೆಣಸಿನಕಾಯಿ ಆಗಿತ್ತು. ಮರಿಯಮ್ಮನಹಳ್ಳಿಯಿಂದ ಆಡು ಹಿಡಿದುಕೊಂಡು ಬಂದಿದ್ದವನೊಬ್ಬ ಇಣುಕಿ ನೋಡಿ, ತಮ್ಮ ಮನೆಯ ಗೋಡೆ ಮೇಲೆ ಇಂಥವು ಹತ್ತಿವೆ, ಒಂದಕ್ಕೂ ಇದುವರೆಗೆ ಜ್ವರ ಬಂದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಸಾಹುಕಾರರು ನಗಲಿಲ್ಲ. ಹಾಗಾಗಿ ನಾನೂ ನಗಲಿಲ್ಲ.

ಅವರು ಐವತ್ತು ದಾಟಿದ ಎತ್ತರದ ಆಳು. ಹೆಂಡತಿ ತೀರಿಕೊಂಡಿದ್ದಾರೆ. ಮೂರು ದಶಕ ಗಿರಣಿ ಧೂಳು ಕುಡಿದು ಎದೆ ಕೆಟ್ಟು, ಗಿರಣಿಯೊಳಗೆ ಕಾಲಿಡಬಾರದೆಂದು ಡಾಕ್ಟರು ಹೇಳಿದ ಮೇಲೆ ತಮ್ಮನಿಗೆ ಎಲ್ಲ ಬಿಟ್ಟುಕೊಟ್ಟು ಮನೆಯಲ್ಲೇ ಕೂತಿದ್ದರು. ನಾಯಿ ಬೆಕ್ಕು ಸಾಕುವಂತಿಲ್ಲ, ಕೂದಲು ಎದೆಗಿಳಿಯುತ್ತದೆ. ಕೂದಲಿಲ್ಲದ, ಸದ್ದು ಮಾಡದ ಪ್ರಾಣಿ ಯಾವುದು ಎಂದು ಹುಡುಕಿ ಬೆಂಗಳೂರಿನಿಂದ ಇದನ್ನು ಕಾಗದಪತ್ರ ಸಮೇತ ತರಿಸಿಕೊಂಡಿದ್ದರು. ಗುಂಡ ಎಂದು ಹೆಸರಿಟ್ಟಿದ್ದರು. ಬಾಲ ದುಂಡಗಿದ್ದಾಗ ಇಟ್ಟ ಹೆಸರು.

ಬೆರಳ ತುದಿಯಿಂದ ಗುಂಡನ ಕೆಳದವಡೆ ಒತ್ತಿದೆ. ಎಲುಬು ಇರಬೇಕಾದಲ್ಲಿ ರಬ್ಬರ್ ಇದ್ದ ಹಾಗೆ ಬಾಗಿತು. ಮುಂಗಾಲು ಹೊರಗೆ ಬಿಲ್ಲಾಗಿದ್ದವು. ಕ್ಯಾಲ್ಸಿಯಂ ಕೊರತೆಯಿಂದ ಎಲುಬು ಮೆತ್ತಗಾಗುವ ರೋಗ, ಅನುಮಾನವೇ ಇಲ್ಲ. ಸರೀಸೃಪಗಳ ಬಗ್ಗೆ ಕಾಲೇಜಿನಲ್ಲಿ ನಾನು ಓದಿದ್ದು ಅಷ್ಟಕ್ಕಷ್ಟೆ. ಆದರೆ ಇಷ್ಟು ಗೊತ್ತುಮಾಡಲು ಅಷ್ಟೇ ಸಾಕಿತ್ತು.

ಏನು ತಿನ್ನಿಸುತ್ತೀರಿ ಎಂದು ಕೇಳಿದಾಗ ಒಂದು ಕಥೆಯೇ ಬಿಚ್ಚಿಕೊಂಡಿತು. ಗುಂಡನ ಜೊತೆಗೆ ಮಾರಿದವರು ಒಂದು ಡಬ್ಬಿ ಚಿಮ್ಮಂಡೆ ಕಳಿಸಿದ್ದರಂತೆ, ಸಂಜೆಯಾದರೆ ಮೂಲೆಯಲ್ಲಿ ಕೂತು ಚಿರ್ರೆನ್ನುತ್ತದಲ್ಲ, ಅದೇ ಹುಳ. ಮೊದಲ ಸಂಜೆ ಗುಂಡ ಒಂದನ್ನು ಹಿಡಿದು ಅಗಿದಾಗ ಕಟುಂ ಎಂದು ಸಪ್ಪಳವಾಯಿತು. ಪಕ್ಕದ ಕೋಣೆಯಲ್ಲಿ ಸಾಹುಕಾರರ ತಾಯಿ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದರು. ಪೂಜೆ ಮುಗಿಸಿ ಎದ್ದು ಬಂದು, ಆ ಸಪ್ಪಳ ಈ ಮನೆಯಲ್ಲಿ ಇನ್ನೊಮ್ಮೆ ಕೇಳಬಾರದು ಎಂದರು. ಮೊಟ್ಟೆಯೂ ಹೊಸ್ತಿಲು ದಾಟದ ಮನೆ ಅದು. ಪ್ರಾಣಿ ಬೇಕಾದರೆ ಇರಲಿ, ಆದರೆ ಕೊಲ್ಲುವುದಕ್ಕೆಂದೇ ಜೀವ ಕೊಂಡು ತರಬಾರದು. ಹೇಗೂ ಸಾಯಲಿರುವ ಹುಳವಾದರೆ ತಿನ್ನಲಿ, ಅದರ ಪಾಲಿಗೆ ಅದು, ಇದರ ಪಾಲಿಗೆ ಇದು ಎಂಬುದು ಅವರ ಮಾತು.

ಹೇಗೂ ಸಾಯಲಿರುವ ಹುಳ ಗಿರಣಿಯಲ್ಲೇ ಇತ್ತು. ಹಳೆಯ ತೌಡಿನ ಚೀಲಗಳಲ್ಲಿ ನೂಲು ಬಿಟ್ಟು ಹೆಣೆದುಕೊಂಡು ಕೂರುವ ಬಿಳಿ ಹುಳ ಎಲ್ಲ ಗಿರಣಿಯವರಿಗೂ ಗೊತ್ತು. ಅಂಥ ಚೀಲವನ್ನು ಸುಡುಬಿಸಿಲಿಗೆ ಸುರಿದು ಹುಳ ಸಾಯಿಸುವುದು ವಾಡಿಕೆ. ಸಾಹುಕಾರರು ಆ ಹುಳಗಳನ್ನು ಆಳುಗಳಿಂದ ಹೆಕ್ಕಿಸಿ ತರಿಸಿ, ಹೊಸ ತೌಡಿನ ಡಬ್ಬಿಯಲ್ಲಿಟ್ಟು, ದಿನಾ ಗುಂಡನಿಗೆ ಕೊಡುತ್ತಿದ್ದರು.

"ಒಂದ್ನೇ ನಂಬರ್ ತೌಡ್ರೀ ಮೇಡಮ್ಮಾರ. ನಮ್ಮ ಆಕಳಿಗೂ ಅದನ್ನ ಹಾಕೋದು. ಹುಳ ಎಷ್ಟು ದುಂಡಗ ಅದಾವ ನೋಡ್ರಿ," ಎಂದು ಇನ್ನೊಂದು ಡಬ್ಬಿ ತೆಗೆದು ತೋರಿಸಿದರು.

ಹುಳ ನಿಜಕ್ಕೂ ಚೊಕ್ಕವಾಗಿದ್ದವು. ಔಷಧ ಹೊಡೆದದ್ದಲ್ಲ, ಚರಂಡಿಯದ್ದಲ್ಲ. ನನಗೂ ಸಮಾಧಾನವಾಯಿತು. ಕ್ಯಾಲ್ಸಿಯಂ ಪುಡಿ ಕೊಟ್ಟು, ಹುಳವನ್ನು ಅದರಲ್ಲಿ ಹೊರಳಾಡಿಸಿ ತಿನ್ನಿಸಿ ಎಂದೆ. ಡಿ ವಿಟಮಿನ್ ಹನಿ ಕೊಟ್ಟೆ. ಗಾಜಿನ ಪೆಟ್ಟಿಗೆಗೆ ಬಿಸಿಲಿನ ಗುಣವಿರುವ ವಿಶೇಷ ದೀಪವೊಂದನ್ನು ತರಿಸಿಕೊಳ್ಳಲು ಹೇಳಿದೆ. ಮುಂದಿನ ಸಲ ಬಾಲ ದಪ್ಪ ಮಾಡಿಕೊಂಡು ಬರುತ್ತಾನೆ ಬಿಡಿ ಎಂದು ಧೈರ್ಯವನ್ನೂ ಹೇಳಿದೆ. ಧೈರ್ಯ ಹೇಳುವುದಕ್ಕೆ ಔಷಧಿಯಷ್ಟು ಖರ್ಚಿಲ್ಲ ನೋಡಿ, ಧಾರಾಳವಾಗಿ ಹೇಳಿದೆ.

ಮುಂದಿನ ಸಲ ಗುಂಡ ಬಂದಾಗ ಬಾಯಿ ಮುಚ್ಚುತ್ತಿರಲಿಲ್ಲ. ಕೆಳದವಡೆ ಜೋತುಬಿದ್ದು ನಾಲಿಗೆಯ ತುದಿ ಕಾಣುತ್ತಿತ್ತು. ಕಾಲಿನ ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದವು. ನಡುಕ ಎಂದರೆ ರಕ್ತದಲ್ಲೂ ಕ್ಯಾಲ್ಸಿಯಂ ತಳ ಮುಟ್ಟಿದೆ ಎಂದರ್ಥ. ಅಲ್ಲಿಂದ ಸೆಟೆದುಕೊಳ್ಳುವುದಕ್ಕೆ, ಸೆಟೆದುಕೊಂಡು ಸಾಯುವುದಕ್ಕೆ ಹೆಚ್ಚು ದಾರಿಯಿಲ್ಲ. ಚರ್ಮದ ಕೆಳಗೆ ತೆಳು ಮಾಡಿದ ಕ್ಯಾಲ್ಸಿಯಂ ಚುಚ್ಚಿದೆ. ನನ್ನ ಎಕ್ಸ್‌ರೇ ಯಂತ್ರ ನಾಯಿ, ಕರುಗಳದ್ದು. ಗುಂಡನಷ್ಟು ಸಣ್ಣವನು ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಎದುರು ಬೀದಿಯ ಹಲ್ಲಿನ ಡಾಕ್ಟರ ಹತ್ತಿರ ಒಯ್ದೆ. ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತಿದ್ದ ಹೆಂಗಸು ನನ್ನ ಕೈಯಲ್ಲಿದ್ದುದನ್ನು ನೋಡಿ ತಾನಾಗಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಚಿತ್ರದಲ್ಲಿ ಎಲುಬು ಇದೆಯೆಂದು ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ತೆಳುವಾಗಿತ್ತು.

ಇಷ್ಟು ಪುಡಿ ಕೊಟ್ಟೂ ಹೀಗೇಕಾಯಿತು? ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನೇ ನೋಡುವ ನನ್ನ ಸಹಪಾಠಿಗೆ ಫೋನು ಮಾಡಿದೆ. ಕಳಿಸು ಎಂದ. ಆದರೆ ಅಷ್ಟು ದೂರದ ಕುಲುಕಾಟದಲ್ಲಿ ಆ ಎಲುಬು ಉಳಿಯುತ್ತವೆ ಎಂದು ಅವನಿಗೂ ನಂಬಿಕೆಯಿರಲಿಲ್ಲ. ಸಾಹುಕಾರರು ಡಬ್ಬಿಯ ಮುಚ್ಚಳ ಹಿಡಿದುಕೊಂಡು, ಗಾಳಿಗೆಂದು ಅದಕ್ಕೆ ಕೊರೆದ ತೂತುಗಳ ಮೇಲೆ ಬೆರಳಾಡಿಸುತ್ತ ಕೂತಿದ್ದರು. ಗುಂಡ ಏನು ತಿನ್ನುತ್ತಾನೆ, ಎಲ್ಲಿ ಇರುತ್ತಾನೆ ಎಂದು ನಾನೇ ಬಂದು ನೋಡುತ್ತೇನೆ ಎಂದೆ.

ಕಂಪ್ಲಿಯಲ್ಲಿ ಅವರ ಮನೆ ಗಿರಣಿಗೆ ಅಂಟಿಕೊಂಡೇ ಇದೆ. ಒಂದು ಕಡೆ ಹೊಟ್ಟಿನ ಗುಡ್ಡ, ಇನ್ನೊಂದು ಕಡೆ ನುಗ್ಗೆ ಮರ, ನಡುವೆ ಮನೆ. ಗುಂಡನ ಗಾಜಿನ ಪೆಟ್ಟಿಗೆ ನೋಡಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. ಹುಳ ಹಾಕಿದ ಬಟ್ಟಲಿನಲ್ಲಿ ತೌಡು ತುಂಬಿತ್ತು. ಪುಡಿ ಸವರಿದ ಹುಳ ಅದರಲ್ಲಿ ಮೂರು ಸುತ್ತು ಹೊರಳಿ, ಪುಡಿಯೆಲ್ಲ ಉದುರಿಸಿ, ತೌಡು ಮೆತ್ತಿಕೊಂಡು ಮಲಗಿದ್ದವು. ಗುಂಡ ಕಚ್ಚಿದಾಗಲೆಲ್ಲ ಬಾಯಿಗೆ ಹೋಗುತ್ತಿದ್ದುದು ಅದೇ ತೌಡು. ತೌಡು ಯಾಕೆ ಹಾಕಿದಿರಿ ಎಂದು ಗದರಿಯೇ ಕೇಳಿದೆ. ಸಾಯುವ ಹುಳವಾದರೂ ಅಲ್ಲಿಯವರೆಗೆ ಉಪವಾಸ ಇಡಬಾರದು ಎಂದು ಅವ್ವ ಹೇಳಿದ್ದಾಳೆ ಎಂದರು. ಇದಕ್ಕೆ ಏನೆಂದು ಬೈಯುವುದು?

ಬಾಗಿಲಲ್ಲಿ ಅವರ ತಾಯಿ ಬಂದು ನಿಂತಿದ್ದರು. ಎಂಬತ್ತರ ಆಸುಪಾಸಿನ ಸಣ್ಣ ಜೀವ. ಪೆಟ್ಟಿಗೆಯ ಕಡೆ ನೋಡದೆ ಗೋಡೆಯ ಕಡೆ ನೋಡುತ್ತ ಹೇಳಿದರು:

"ನಮ್ಮ ಮಾವನೋರ ಕುದುರಿಗೂ ಹಿಂಗ ಆಗಿತ್ತವ್ವಾ. ಗದ್ದ ದಪ್ಪಾಗಿ, ಅಗಿಯಾಕ ಬರದಂಗಾಗಿ ಸತ್ತೋತು. ಗಿರಣಿ ಕುದುರಿ, ತಿನ್ನಾಕೇನ್ ಕಮ್ಮಿ ಇತ್ತು? ದಿನಾ ತೌಡು."

ನನಗೆ ಕಾಲೇಜಿನ ಪಾಠವೊಂದು ನೆನಪಾಯಿತು. ಹಿಂದಿನ ಕಾಲದ ಪಶುವೈದ್ಯರು ಒಂದು ರೋಗಕ್ಕೆ ಗಿರಣಿಯವನ ಕುದುರೆಯ ರೋಗ ಎಂದೇ ಹೆಸರಿಟ್ಟಿದ್ದರು. ಬೇರೆಯವರ ಕುದುರೆ ಹುಲ್ಲು ತಿಂದು ಬದುಕಿದರೆ, ಗಿರಣಿಯವನ ಕುದುರೆ ಪುಕ್ಕಟೆ ಸಿಗುವ ತೌಡು ತಿಂದು ಮುಖ ಊದಿ ಸಾಯುತ್ತಿತ್ತು. ತೌಡಿನಲ್ಲಿ ರಂಜಕ, ಅಂದರೆ ಫಾಸ್ಫರಸ್, ವಿಪರೀತ; ಕ್ಯಾಲ್ಸಿಯಂ ಹೆಸರಿಗಷ್ಟೇ. ರಂಜಕ ಮಿತಿಮೀರಿದಾಗ ದೇಹ ಲೆಕ್ಕ ಸರಿಮಾಡಲು ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಕೀಳುತ್ತದೆ. ಮೇಲಿಂದ ನಾವು ಚಿಟಿಕೆ ಪುಡಿ ಹಾಕಿದರೆ ಅದು ತೂತು ಕೊಡಕ್ಕೆ ನೀರು ಸುರಿದ ಹಾಗೆ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿ ಬರೆದಿದ್ದೆ. ಕುದುರೆಯ ಜಾಗದಲ್ಲಿ ಹಲ್ಲಿ, ನಡುವೆ ಒಂದು ಹುಳ ಬಂದು ಕೂತದ್ದಕ್ಕೆ ಗುರುತು ಸಿಕ್ಕಿರಲಿಲ್ಲ. ಹುಳ ದುಂಡಗಿತ್ತು ನಿಜ. ಅದರ ಹೊಟ್ಟೆಯಲ್ಲಿ ಇದ್ದುದೂ ತೌಡೇ.

ಕಾರಣ ಸಿಕ್ಕಿತು ಎಂದು ಖುಷಿಯಾಯಿತು. ಖುಷಿ ಅಂಗಳ ದಾಟುವಷ್ಟರಲ್ಲಿ ಇಳಿಯಿತು. ತೌಡಿನ ಹುಳ ನಿಲ್ಲಿಸಬೇಕು, ಸರಿ. ಬದಲಿಗೆ ಯಾವುದು? ಕ್ಯಾಲ್ಸಿಯಂ ಇರುವ ಸೊಪ್ಪು ತಿಂದು ಬೆಳೆದ ಹುಳ ಬೇಕು. ಜೋತುಬಿದ್ದ ದವಡೆಗೆ ಅಗಿಯಲು ಬರುವಷ್ಟು ಮೆತ್ತಗಿರಬೇಕು. ಗುಂಡನ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದಪ್ಪ ಇರಬಾರದು. ಅದು ಕೊಂಡು ತಂದದ್ದೂ ಆಗಿರಬಾರದು.

ಸಾಹುಕಾರರು ನನ್ನನ್ನು ಕಾರಿನವರೆಗೆ ಬಿಡಲು ಬಂದು, ದನಿ ಇಳಿಸಿ, ಗಿರಣಿಯ ಆಫೀಸಿನಲ್ಲಿ ಗುಂಡನನ್ನು ಇಟ್ಟುಕೊಂಡು ಅವ್ವನಿಗೆ ಗೊತ್ತಾಗದ ಹಾಗೆ ಬೆಂಗಳೂರಿನ ಹುಳ ತರಿಸಿಬಿಡೋಣವೇ ಎಂದು ಕೇಳಿದರು. ಎದೆ ಹಾಳಾದ ಮನುಷ್ಯ ಗಿರಣಿ ಧೂಳಿನಲ್ಲಿ ಕೂತು ಹಲ್ಲಿಗೆ ಹುಳ ತಿನ್ನಿಸುವುದನ್ನು ನೆನೆಸಿಕೊಂಡೇ ನನಗೆ ಸಿಟ್ಟು ಬಂತು. ಜೊತೆಗೆ, ಕೂಡು ಮನೆಯ ಗುಟ್ಟು ಎಂದರೆ ಮಧ್ಯಾಹ್ನದ ಊಟಕ್ಕೆ ಎಲ್ಲರ ತಾಟಿನಲ್ಲೂ ಬಡಿಸಿರುತ್ತದೆ. ಕಾರಿನ ಬಾಗಿಲು ಮುಚ್ಚಿ ನಾನು ವಾಪಸು ಮನೆಯೊಳಗೆ ನಡೆದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಇಂಜೆಕ್ಷನ್ ಅಲ್ಲ, ಎಕ್ಸ್‌ರೇ ಅಲ್ಲ, ಅಲ್ಲಿಂದ ತಿರುಗಿ ನಡೆದದ್ದು ಎನ್ನುತ್ತೇನೆ.

ಅಜ್ಜಿಯ ಎದುರು ಚಾಪೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ತೌಡು, ಕುದುರೆ, ಗುಂಡನ ದವಡೆ, ಯಾವುದನ್ನೂ ಬಿಡಲಿಲ್ಲ. ತೌಡಿನ ಹುಳ ಹೀಗೇ ಮುಂದುವರಿದರೆ ಗುಂಡ ಉಳಿಯುವುದಿಲ್ಲ ಎಂದೂ ಹೇಳಿದೆ. ಅವರು ಮೊದಲು ಮಾತು ತೆಗೆದದ್ದು ಗುಂಡನ ಬಗ್ಗೆ ಅಲ್ಲ, ಮಗನ ಬಗ್ಗೆ.

"ನನ್ನ ಮಗ ವರ್ಷಾನುಗಟ್ಟಲೆ ಗಿರಣಿ ಸಪ್ಪಳದಾಗ ಒದರಿ ಮಾತಾಡಿದಾತ. ಮನಿ ಹಿಡಿದು ಕುಂತ ಮ್ಯಾಲೆ ಬಾಯಿ ಬಿಡೋದ ಬಿಟ್ಟಿದ್ದ. ಇದು ಬಂದ ಮ್ಯಾಲೆ ಅದರ ಕೂಡ ಮಾತಾಡ್ತಾನ, ಹಂಗ ನನ್ನ ಕೂಡಾನೂ ಒಂದೆರಡು ಮಾತು ಬರ್ತಾವ. ಅದು ಉಳೀಬೇಕವ್ವಾ. ಆದ್ರ ಕೊಂಡ್ ತಂದು ಕೊಲ್ಲೋದು ಬ್ಯಾಡ. ಸಾಯಾಕ ಹೊಂಟಿದ್ದು ಬ್ಯಾರೆ. ಅಂಥಾದ್ದು ಯಾವ್ದರ ಐತೇನು, ನೀನ ಹುಡುಕು."

ನಾನು ವಾದ ಮಾಡಬಹುದಿತ್ತು. ಮಾಡಲಿಲ್ಲ. ಮನೆ ಅವರದು, ಪೂಜೆ ಅವರದು, ಮಗ ಅವರವನು. ಹುಡುಕುತ್ತೇನೆ ಎಂದು ಎದ್ದೆ.

ಕಂಪ್ಲಿಯಿಂದ ಬರುವ ದಾರಿಯುದ್ದಕ್ಕೂ ಗದ್ದೆಗಳಲ್ಲಿ ಮಿಡತೆಗಳು ಹಾರಾಡುತ್ತಿದ್ದವು. ಪಕ್ಕದಲ್ಲೇ ಒಬ್ಬ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧ ಹೊಡೆಯುತ್ತಿದ್ದ. ಆ ಮಿಡತೆ ಸಾಯಲು ಹೊರಟದ್ದೇನೋ ಹೌದು, ಆದರೆ ಗುಂಡನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿತ್ತು. ಮನೆಯ ಜಿರಳೆಯ ಕಥೆಯೂ ಅಷ್ಟೆ. ಗೆದ್ದಲು ಮೆತ್ತಗಿದೆ, ಎಲ್ಲಿ ಸಿಗುತ್ತದೆಂದು ಹೇಳುವಂತಿಲ್ಲ. ದೀಪಕ್ಕೆ ಬೀಳುವ ಹುಳಗಳಲ್ಲಿ ಯಾವುದು ವಿಷದ್ದೆಂದು ನನಗೇ ಗೊತ್ತಿಲ್ಲ. ಒಂದೊಂದೇ ಅಳಿಸುತ್ತ ಹೊಸಪೇಟೆ ಮುಟ್ಟುವಾಗ ಬಂಡ್ರಿಯ ಆಕಳೊಂದು ನೆನಪಾಯಿತು. ಹಿಂದೊಮ್ಮೆ ಅದರ ಹೆರಿಗೆ ಮಾಡಿಸಲು ಹೋಗಿದ್ದೆ. ಆ ಆಕಳಿನ ಒಡತಿ ರೇಷ್ಮೆ ಸಾಕುತ್ತಾಳೆ.

ರೇಷ್ಮೆ ಹುಳದಷ್ಟು ಮೆತ್ತನೆಯ ಹುಳ ಇನ್ನೊಂದಿಲ್ಲ. ತಿನ್ನುವುದು ಹಿಪ್ಪುನೇರಳೆ ಸೊಪ್ಪು ಮಾತ್ರ, ತೌಡಿನ ಎದುರು ಆ ಸೊಪ್ಪಿನ ಕ್ಯಾಲ್ಸಿಯಂ ಎಷ್ಟೋ ಮೇಲು. ಎಲ್ಲ ಹುಳ ಒಟ್ಟಿಗೆ ಪೊರೆ ಬಿಡಬೇಕು, ಒಟ್ಟಿಗೆ ಗೂಡು ಕಟ್ಟಬೇಕು. ಜೊತೆಯವು ದೊಡ್ಡವಾದರೂ ಸಣ್ಣದಾಗಿಯೇ ಉಳಿದ ಹುಳವನ್ನು ಬೆಳೆಗಾರರು ಹೆಕ್ಕಿ ಆಚೆ ಹಾಕುತ್ತಾರೆ. ಅದರಿಂದ ರೋಗ ಹರಡೀತೆಂಬ ಭಯ. ಸೊಂಡೂರು ದಾಟಿ ಅದಿರಿನ ಲಾರಿಗಳ ಕೆಂಪು ಧೂಳು ನುಂಗುತ್ತ ಬಂಡ್ರಿಗೆ ಹೋಗುವಾಗ, ಬೇಡದ ಹುಳ ತಾನೇ, ಕೇಳಿದರೆ ಕೊಡುತ್ತಾಳೆ ಎಂದುಕೊಂಡಿದ್ದೆ.

ಅವಳು ನನ್ನನ್ನು ಹುಳದ ಮನೆಯ ಬಾಗಿಲಲ್ಲೇ ತಡೆದಳು. ಮೈಮೇಲೆ ಯಾವ್ಯಾವ ದನದ ರೋಗ ಹೊತ್ತು ಬಂದಿದ್ದೀರೋ ಎಂದು ಕಾಲು ತೊಳೆಸಿ, ಕೈ ತೊಳೆಸಿ, ಚಪ್ಪಲಿ ಬದಲಿಸಿ, ಆಮೇಲೆ ಒಳಗೆ ಬಿಟ್ಟಳು. ನಾನು ಊರೂರಿನ ಕೊಟ್ಟಿಗೆಗಳಲ್ಲಿ ಹೇಳುವ ಮಾತನ್ನೇ ನನಗೆ ಹೇಳಿಸಿಕೊಂಡು ಸುಮ್ಮನೆ ಪಾಲಿಸಿದೆ. ತಟ್ಟೆಗಳ ಸಾಲಿನಲ್ಲಿ ಹುಳ ಸೊಪ್ಪು ಮೇಯುವ ಸದ್ದು ಸಣ್ಣ ತುಂತುರಿನ ಹಾಗೆ ಕೇಳುತ್ತಿತ್ತು. ಪೊರೆ ಬಿಟ್ಟ ಮೇಲೆ ಹುಳಗಳ ಮೇಲೆ ರೋಗನಿರೋಧಕ ಪುಡಿ ಉದುರಿಸುತ್ತಾರೆ, ಆ ಪುಡಿ ಗುಂಡನ ಹೊಟ್ಟೆಗೆ ಹೋಗಬಾರದು. ಹಾಗಾಗಿ ಪುಡಿ ಬೀಳುವ ಮೊದಲೇ ಹಿಂದುಳಿದ ಹುಳ ಹೆಕ್ಕಿಕೊಡಲು ಕೇಳಿದೆ. ಮೈ ಊದಿದ್ದು, ಹಳದಿಗಟ್ಟಿದ್ದು, ನೀರಾಡಿದ್ದು ಬೇಡ. ಬರೀ ಸಣ್ಣದಾಗಿ ಉಳಿದದ್ದು ಸಾಕು ಎಂದೆ. ಯಾತಕ್ಕೆ ಎಂದು ಕೇಳಿದಳು. ಹೇಳಿದೆ. ಅವಳು ನನ್ನ ಮುಖ ನೋಡಿ, ಇಷ್ಟು ಓದಿ ಕೊನೆಗೆ ಹಲ್ಲಿ ಬಾಣಂತನಕ್ಕೆ ಬಿದ್ದಿರಾ ಎಂದು ನಕ್ಕು, ಹೆಕ್ಕಿ ಕೊಟ್ಟಳು.

ಕಂಪ್ಲಿಯಲ್ಲಿ ಅವಕ್ಕೆ ಮೇಯಿಸುವ ಸೊಪ್ಪಿನ ಚಿಂತೆಯೂ ಇತ್ತು. ಹಂಪಿಯಲ್ಲಿ ನಾನು ನಾಯಿಗೆ ಲಸಿಕೆ ಹಾಕುವ ಗೆಸ್ಟ್‌ಹೌಸೊಂದರ ಹಿತ್ತಲಲ್ಲಿ ಹಿಪ್ಪುನೇರಳೆ ಮರವಿದೆ, ಅದಕ್ಕೆ ಯಾರೂ ಯಾವ ಔಷಧವನ್ನೂ ಹೊಡೆದವರಲ್ಲ. ಅಲ್ಲಿಂದ ಒಂದು ಚೀಲ ಸೊಪ್ಪು ಕೊಯ್ದು, ಹುಳದ ತಟ್ಟೆಯ ಜೊತೆ ಕಂಪ್ಲಿಗೆ ಮುಟ್ಟಿಸಿದೆ. ಎರಡು ದಿನ ಈ ಸೊಪ್ಪು ಮೇಯಿಸಿ ಆಮೇಲೆ ಗುಂಡನಿಗೆ ಕೊಡಿ ಎಂದೆ. ಅಜ್ಜಿ ತಟ್ಟೆಯನ್ನು ತಮ್ಮ ಕೋಣೆಯಲ್ಲೇ ಇಡಿಸಿಕೊಂಡರು. ಅಲ್ಲಿ ತಂಪಿರುತ್ತದಂತೆ.

ಮರುದಿನ ಬೆಳಿಗ್ಗೆ ಸಾಹುಕಾರರ ಫೋನು. ಹುಳವೆಲ್ಲ ತಲೆ ಎತ್ತಿ, ಹಸಿರು ನೀರು ಕಕ್ಕಿ ಸತ್ತಿವೆ ಎಂದರು. ನನಗೆ ಮೊದಲು ಹೊಳೆದದ್ದು ರೋಗ. ಬಂಡ್ರಿಯವಳಿಗೆ ಹೇಳಿದರೆ, ಅವಳು ಒಂದೇ ಪ್ರಶ್ನೆ ಕೇಳಿದಳು, ಸೊಳ್ಳೆ ಬತ್ತಿ ಹಚ್ಚಿದ್ದರೇನು ಎಂದು. ಕಂಪ್ಲಿಯಲ್ಲಿ, ಸುತ್ತ ನೀರು ನಿಂತ ಗದ್ದೆಯ ನಡುವೆ, ಸೊಳ್ಳೆ ಬತ್ತಿ ಹಚ್ಚದ ಮನೆ ಯಾವುದು? ಅಜ್ಜಿ ತಮ್ಮ ಮಂಚದ ಕೆಳಗೆ ಹಚ್ಚಿದ್ದರು. ಪಕ್ಕದಲ್ಲೇ ತಟ್ಟೆ. ಅದನ್ನು ಹೇಳದೆ ಬಂದವಳು ನಾನು.

ಸಂಜೆ ಹೋದಾಗ ಅಜ್ಜಿ ಊಟ ಬಿಟ್ಟು ಕೂತಿದ್ದರು. ಯಾರ ಹೊಟ್ಟೆಗೂ ಆಗದೆ ಅನ್ಯಾಯಕ್ಕೆ ಸತ್ತವು ಎಂಬುದೇ ಅವರ ಸಂಕಟ. ಗುಂಡ ತಿಂದಿದ್ದರೆ ಒಂದು ಲೆಕ್ಕ, ಇದು ಯಾವ ಲೆಕ್ಕ ಎಂದು ಕೇಳಿದರು. ತಪ್ಪು ನನ್ನದು, ಹೊಗೆ ಆಗುವುದಿಲ್ಲ ಎಂದು ಹೇಳಬೇಕಿತ್ತು ಎಂದೆ. ಅವರು ಕಣ್ಣೊರೆಸಿಕೊಂಡು, ಮನೆಯ ಬತ್ತಿಯೆಲ್ಲ ಆಚೆ ಒಯ್ದು ಇಡುವಂತೆ ಕಿರಿಯ ಸೊಸೆಗೆ ಹೇಳಿ, ಬದಲಿಗೆ ಸೊಳ್ಳೆ ಪರದೆ ಕಟ್ಟಿಸಿದರು. ಊದುಬತ್ತಿಯನ್ನೂ ನಿಲ್ಲಿಸಿದರು. ಪೂಜೆಗೆ ಹೂವು, ವಿಭೂತಿ ಸಾಕು ಎಂದರು. ಆ ವಯಸ್ಸಿನಲ್ಲಿ ಪೂಜೆಯ ಒಂದು ಪದ್ಧತಿಯನ್ನು ಹುಳಕ್ಕಾಗಿ ಬದಲಿಸುವುದು ಸಣ್ಣ ಮಾತಲ್ಲ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತೇ.

ಬಂಡ್ರಿಯವಳು ಬೈದುಕೊಂಡೇ ಎರಡನೇ ತಟ್ಟೆ ಕೊಟ್ಟಳು. ಆ ಹುಳ ಬದುಕಿದವು. ಸಮಸ್ಯೆ ಈಗ ಗುಂಡನದು. ಗೆಕ್ಕೊ ಚುರುಕಾಗಿ ಅಲುಗುವುದನ್ನು ಮಾತ್ರ ಬೇಟೆ ಎಂದು ತಿಳಿಯುತ್ತದೆ. ರೇಷ್ಮೆ ಹುಳಕ್ಕೆ ಓಡುವ ಅಭ್ಯಾಸವೇ ಇಲ್ಲ, ಸಾವಿರಾರು ವರ್ಷ ಮನುಷ್ಯ ಕೂರಿಸಿ ಉಣಿಸಿ ಸೋಮಾರಿ ಮಾಡಿಟ್ಟಿದ್ದಾನೆ. ಗುಂಡ ಅದನ್ನು ನೋಡಿ ಕಣ್ಣು ಮುಚ್ಚಿದ. ಹುಳ ಅವನ ಪಾದದ ಮೇಲೇ ಹತ್ತಿ ಕೂತಿತು. ಬೇರೆ ದಾರಿಯಿಲ್ಲದೆ ಒಂದು ಹುಳವನ್ನು ಅರೆದು, ಕ್ಯಾಲ್ಸಿಯಂ ಹನಿ ಬೆರೆಸಿ, ಮೂತಿಗೆ ಒಂದು ತೊಟ್ಟು ಹಚ್ಚಿದೆವು. ಮೂತಿ ಒದ್ದೆಯಾದರೆ ಗೆಕ್ಕೊ ನೆಕ್ಕಲೇಬೇಕು, ಅದು ಅದರ ಸ್ವಭಾವ. ನಾಲಿಗೆ ಹೊರಬಂತು. ಸಾಹುಕಾರರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಹಾಗೆ ತೊಟ್ಟು ತೊಟ್ಟಾಗಿ ಕೆಲವು ದಿನ. ನಾನು ಬಿಡುವಾದಾಗೆಲ್ಲ ಕಂಪ್ಲಿಗೆ ಹೋಗುತ್ತಿದ್ದೆ, ಉಳಿದ ದಿನ ಫೋನಿನಲ್ಲೇ ವರದಿ. ಮೊದಲು ಬೆರಳ ನಡುಕ ನಿಂತಿತು. ಆಮೇಲೆ ಸಾಹುಕಾರರು ಒಂದು ಉಪಾಯ ಕಂಡುಕೊಂಡರು. ಚಿಮಟದಲ್ಲಿ ಹುಳ ಹಿಡಿದು, ಗಿರಣಿಯ ಜರಡಿ ಅಲುಗಿದ ಹಾಗೆ ಸಣ್ಣಗೆ ಅಲುಗಿಸುವುದು. ಗುಂಡ ತಲೆ ಎತ್ತಿ, ಒಂದು ಕಡೆ ಓರೆ ಮಾಡಿ, ಬಾಯಿ ಹಾಕಿದ. ತಪ್ಪಿತು. ಮತ್ತೆ ಹಾಕಿದ. ಹುಳ ಬಾಯಲ್ಲಿ ನಿಂತಿತು. ಅಜ್ಜಿ ಬಾಗಿಲ ಆಚೆಯಿಂದ, ಮುಖ ತಿರುಗಿಸಿಕೊಂಡೇ, ತಿಂತೇನು ಎಂದು ಕೇಳಿದರು. ತಿಂತು ಅವ್ವಾ ಎಂದು ಸಾಹುಕಾರರು ಹೇಳಿದ ದನಿ ಗಿರಣಿಯವರೆಗೂ ಹೋಗಿರಬೇಕು. ದಿನಾ ಅದೇ ಆಯಿತು. ಅವರು ಒಮ್ಮೆಯೂ ನೋಡಲಿಲ್ಲ, ಒಂದು ದಿನವೂ ಕೇಳದೆ ಬಿಡಲಿಲ್ಲ.

ಬಂಡ್ರಿಯ ಬೆಳೆಯ ಹುಳವೆಲ್ಲ ಗೂಡು ಕಟ್ಟಿದಾಗ ಹಿಂದುಳಿದ ಹುಳವೂ ಮುಗಿದವು. ಮುಂದಿನ ಬೆಳೆಗೆ ದಿನ ಹಿಡಿಯುತ್ತದೆ. ಅಷ್ಟರಲ್ಲಿ ದವಡೆ ಅರ್ಧ ಗಟ್ಟಿಯಾಗಿತ್ತು. ಹಲ್ಲಿನ ಡಾಕ್ಟರ ಯಂತ್ರದಲ್ಲಿ ಈಗ ಎಲುಬಿನ ಅಂಚು ಬಿಳಿಯಾಗಿ ಕಾಣುತ್ತಿತ್ತು. ಇನ್ನು ಬರೀ ಮೆತ್ತನೆಯದೇ ಸಾಲದು, ಒಂದೇ ಹುಳವೂ ಒಳ್ಳೆಯದಲ್ಲ. ಸ್ವಲ್ಪ ಗಟ್ಟಿ ಮೈಯ, ಓಡುವ ಹುಳ ಬೇಕು ಎಂದು ಅಜ್ಜಿಯ ಎದುರು ಹೇಳಿದೆ. ಯಾವುದು ಎಂದು ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಬರಲಿಲ್ಲ. ಈ ಮನೆಯಲ್ಲಿ ಕೇಳಬಾರದೆಂದು ಅವರು ಹೇಳಿದ ಸಪ್ಪಳ ನನಗೂ ನೆನಪಿತ್ತು.

ಅವರೇ ಹೇಳಿದರು.

"ಹೊಟ್ಟಿನ ಗುಡ್ಡಿ ತಳದಾಗ ಚಿರ್ ಅನ್ನೋ ಹುಳ ಎಷ್ಟರ ಅದಾವ. ಹೊಟ್ಟು ತಗೊಂಡೋಗಿ ಬಾಯ್ಲರಿಗೆ ಒಗದಾಗ ಅವೂ ಸುಟ್ಟೋಗ್ತಾವ. ಬೆಂಕಿಗೆ ಬೀಳೋವು ಇದರ ಹೊಟ್ಟಿಗಾದ್ರೂ ಆಗ್ಲಿ."

ಮರುದಿನ ಬಾಯ್ಲರಿಗೆ ತುಂಬುವ ಮೊದಲು ಹೊಟ್ಟಿನ ತಳವನ್ನು ಸಲಿಕೆಯಿಂದ ಎಳೆದಾಗ ಚಿಮ್ಮಂಡೆಗಳು ನಾಲ್ಕು ಕಡೆ ಚಿಮ್ಮಿದವು. ಸಾಹುಕಾರರ ತಮ್ಮ ಪಂಚೆ ಎತ್ತಿ ಕಟ್ಟಿ, ಸೊಳ್ಳೆ ಪರದೆಯ ತುಂಡು ಹಿಡಿದು ಓಡಾಡಿದರು. ಗೋದಾಮಿನ ಕಡೆಯವು ಬೇಡ ಎಂದೆ, ಅಲ್ಲಿ ಅಕ್ಕಿಗೆ ಹುಳ ಹತ್ತದಂತೆ ಗ್ಯಾಸ್ ಬಿಡುತ್ತಾರೆ. ಹಿಡಿದವನ್ನು ಎತ್ತರದ ಬಕೀಟಿನಲ್ಲಿ ಹಾಕಿ, ಮೊಟ್ಟೆ ಇಡುವ ರಟ್ಟಿನ ತಟ್ಟೆ ಕೊಡಿ, ಅಡಗಿಕೊಳ್ಳಲು ಬೇಕು ಎಂದೆ. ಮೊಟ್ಟೆ ತಟ್ಟೆ ಆ ಮನೆಯಲ್ಲಿ ಎಲ್ಲಿ ಬರಬೇಕು? ಹಳೆಯ ಗೋಣಿಚೀಲ ಮಡಚಿ ಇಟ್ಟರು. ತಿನ್ನಲು ಮನೆಯ ನುಗ್ಗೆ ಸೊಪ್ಪು, ಹೀರೇಕಾಯಿ ಸಿಪ್ಪೆ. ನುಗ್ಗೆಯಷ್ಟು ಕ್ಯಾಲ್ಸಿಯಂ ಇರುವ ಸೊಪ್ಪು ನಮ್ಮ ಕಡೆ ಇನ್ನೊಂದಿಲ್ಲ. ತೌಡು ಒಂದು ಚಿಟಿಕೆಯೂ ಬೇಡ ಎಂದು ನಾನು ಹೇಳುವ ಮೊದಲೇ ಅಜ್ಜಿ ಹೇಳಿದರು. ಹೊರಗಿನ ಹುಳ, ಹೊಟ್ಟೆಯಲ್ಲಿ ಜಂತು ಇರಬಹುದು. ಕೆಲವು ದಿನ ಇಟ್ಟು ನೋಡಿ, ಮಂಕಾದದ್ದನ್ನು ಆಚೆ ಹಾಕಿ, ಆಮೇಲೆ ಗುಂಡನ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿರೋಣ ಎಂದು ಒಪ್ಪಂದವಾಯಿತು.

ಮೊದಲ ಚಿಮ್ಮಂಡೆ ಬಿಡುವ ಸಂಜೆ ನಾನೂ ಇದ್ದೆ. ಅಜ್ಜಿ ಪಕ್ಕದ ಕೋಣೆಯಲ್ಲಿ ಎಂದಿನಂತೆ ಪೂಜೆಗೆ ಕೂತಿದ್ದರು. ನನಗೆ ಬಹಳ ಮುಜುಗರವಾಯಿತು. ಬಾಗಿಲು ಮುಚ್ಚೋಣವೇ ಎಂದು ಸಾಹುಕಾರರನ್ನು ಕಣ್ಣಲ್ಲೇ ಕೇಳಿದೆ. ಅವರು ಎದ್ದು ಬಾಗಿಲಿಗೆ ಕೈ ಹಾಕಿದರು.

"ತೆರದಿರ್ಲಿ," ಎಂದು ಒಳಗಿನಿಂದ ದನಿ ಬಂತು.

ಪುಡಿ ಸವರಿದ ಒಂದು ಚಿಮ್ಮಂಡೆಯನ್ನು ಪೆಟ್ಟಿಗೆಯೊಳಗೆ ಬಿಟ್ಟರು. ಅದು ಓಡಿ ಕಲ್ಲಿನ ಹಿಂದೆ ಸರಿಯಿತು. ಗುಂಡ ನಾಲ್ಕೂ ಕಾಲಿನ ಮೇಲೆ ಎದ್ದು ನಿಂತ. ಹೊಟ್ಟೆ ನೆಲಕ್ಕೆ ತಾಗದೆ ಅವನು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. 'ಹೂಂ, ಹೋಗಲೇ' ಎಂದು ಸಾಹುಕಾರರು ಪಿಸುಗುಟ್ಟಿದರು. ಬಾಲದ ತುದಿ ಅಲುಗಿತು. ಮುಂದಕ್ಕೆ ಎಗರಿದ. ಒಂದು ಕ್ಷಣ ಏನೂ ಇಲ್ಲ. ಈ ದವಡೆ ಮತ್ತೆ ಬಾಗಿತೆಂದರೆ ಇನ್ನೇನು ಮಾಡಲಿ ಎಂದು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಕಟುಂ ಎಂದಿತು.

ಸಾಹುಕಾರರು ನನ್ನ ಕಡೆ ನೋಡಲಿಲ್ಲ, ಗುಂಡನ ಕಡೆಯೂ ನೋಡಲಿಲ್ಲ. ತೆರೆದ ಬಾಗಿಲಿನ ಕಡೆ ನೋಡುತ್ತಿದ್ದರು. ನಾನೂ ಅತ್ತ ತಿರುಗಿದೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ, ಅಂಗೈ ಅಲುಗಿಸದೆ ಕೂತಿದ್ದರು. ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಲಿಂಗವನ್ನು ಕಣ್ಣಿಗೊತ್ತಿಕೊಂಡು, ವಸ್ತ್ರದಲ್ಲಿ ಸುತ್ತಿ, ಕೊರಳಿಗೆ ಹಾಕಿಕೊಂಡರು. ಅವರು ಹೇಳಿದ್ದು ಮಗನಿಗೆ.

"ಎಲುಬು ಗಟ್ಟಿ ಆಗ್ಯಾವಲ್ಲೋ. ಇನ್ನೊಂದ್ ಹಾಕು, ಒಂದಕ್ಕ ಹೊಟ್ಟಿ ತುಂಬತೈತೇನು?"

ಸಾಹುಕಾರರು ಬಕೀಟಿಗೆ ಕೈ ಹಾಕಿದರು. ಕಣ್ಣು ಮಂಜಾಗಿತ್ತೋ ಏನೋ, ಒಂದನ್ನು ಹಿಡಿಯಲು ಅವರಿಗೆ ಬಹಳ ಹೊತ್ತು ಬೇಕಾಯಿತು.